ಉಚ್ಚ ಶಿಕ್ಷಣದ ವೆಚ್ಚವೂ ದಾಸೋಹ ಪರಂಪರೆಯೂ

ಬಡ ರೈತನ ಮಗನೊಬ್ಬ ಪದವೀಧರನಾಗುವುದು ಒಂದು ಕಾಲಕ್ಕೆ ನಮ್ಮ ನಾಡಿನಲ್ಲಿ ದುರ್ಲಭವಾದ ಸಂಗತಿಯಾಗಿತ್ತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳ ತರುಣರು, 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಗುವವರೆಗೆ, ಉಚ್ಚ ಶಿಕ್ಷಣಕ್ಕಾಗಿ ಪುಣೆ, ಮುಂಬಯಿಗಳತ್ತ ಮುಖ ಮಾಡಬೇಕಾಗಿತ್ತು. ಶುಲ್ಕದೊಡನೆ ಪರಸ್ಥಳದ ಊಟ-ವಸತಿಗಳ ಭಾರವೂ ಕುಟುಂಬದ ಮೇಲೆ ಬೀಳುತ್ತಿತ್ತು.

ಈ ಕಷ್ಟವನ್ನು ಮನಗಂಡ ಮಹನೀಯರಲ್ಲಿ ಅರಟಾಳ ರುದ್ರಗೌಡರು ಹಾಗೂ ಗಿಲಗಂಜಿ ಗುರುಸಿದ್ದಪ್ಪನವರು ಅಗ್ರಗಣ್ಯರು. ಅವರ ಪ್ರಯತ್ನದ ಫಲವಾಗಿ 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯು ಜನ್ಮ ತಾಳಿತು. 1906ರಲ್ಲಿ ಲಿಂಗೈಕ್ಯರಾದ ಶಿರಸಂಗಿಯ ತ್ಯಾಗವೀರ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನೇ ವಿದ್ಯಾರ್ಥಿಗಳ ಹಿತಕ್ಕಾಗಿ ಮೀಸಲಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು ಸ್ಥಾಪನೆಯಾಯಿತು. ಅದು 1933ರಲ್ಲಿ ತೆರೆದ ಕಾಲೇಜು ಲಿಂಗರಾಜರ ಹೆಸರನ್ನೇ ಹೊತ್ತಿತು.

ಮಠಗಳ ಪ್ರಸಾದ ನಿಲಯಗಳು ಇದಕ್ಕೆ ಪೂರಕವಾದವು. ಧಾರವಾಡದ ಮುರುಘಾಮಠ, ಬೆಳಗಾವಿಯ ನಾಗನೂರು ರುದ್ರಾಕ್ಷಿಮಠ, ತುಮಕೂರಿನ ಸಿದ್ಧಗಂಗಾ ಮಠಗಳಲ್ಲಿ ಉಂಡು ಓದಿದವರು ಅಸಂಖ್ಯಾತರು. ಭಕ್ತರು ಅರ್ಪಿಸಿದ ಜೋಳ, ರಾಗಿಗಳೇ ಅಂದಿನ ವಿದ್ಯಾರ್ಥಿವೇತನ. ಅನ್ನ, ಆಶ್ರಯಗಳು ದೊರೆತರೆ ಓದು ತಾನಾಗಿ ಸಾಗುತ್ತಿದ್ದ ಕಾಲವದು.

ಮುಂದೆ ವೃತ್ತಿ ಶಿಕ್ಷಣದ ಖಾಸಗಿ ಕಾಲೇಜುಗಳು ಬೆಳೆದಂತೆ ಶುಲ್ಕವೇ ಮುಖ್ಯ ವೆಚ್ಚವಾಯಿತು. ತಲೆವರಿ ಶುಲ್ಕವನ್ನು ತಡೆಯಲು ಕರ್ನಾಟಕವು 1984ರಲ್ಲಿ ಶಾಸನ ಮಾಡಿತು. ಆದರೂ 1989ರ ಸರಕಾರಿ ಅಧಿಸೂಚನೆಯಂತೆ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ವಾರ್ಷಿಕ ಶುಲ್ಕವು ಸರಕಾರಿ ಸೀಟಿಗೆ 2,000 ರೂ., ಇತರ ಕನ್ನಡಿಗ ವಿದ್ಯಾರ್ಥಿಗಳಿಗೆ 25,000 ರೂ.ವರೆಗೆ, ಹೊರರಾಜ್ಯದವರಿಗೆ 60,000 ರೂ.ವರೆಗೆ ಇತ್ತು. ಇದನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1992ರಲ್ಲಿ ತಲೆವರಿಯನ್ನು ಖಂಡಿಸಿತು. 1993ರ ಉನ್ನಿಕೃಷ್ಣನ್ ತೀರ್ಪು ಸೀಟುಗಳನ್ನು ಉಚಿತ ಮತ್ತು ಪಾವತಿ ಎಂದು ವಿಂಗಡಿಸಿತು. 2002ರಲ್ಲಿ ಆ ವ್ಯವಸ್ಥೆಯೂ ರದ್ದಾಯಿತು.

ಈ ನಡುವೆ ನೆರವಿನ ಸ್ವರೂಪವೇ ಬದಲಾಯಿತು. 2001ರಲ್ಲಿ ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆ ಬಂದಿತು. ಹಾಸ್ಟೆಲಿನಲ್ಲಿ ಸ್ಥಳ ದೊರೆಯದವರ ಊಟ-ವಸತಿಗಾಗಿ ರಾಜ್ಯ ಸರಕಾರದ ವಿದ್ಯಾಸಿರಿ ಯೋಜನೆಯು ರೂಪುಗೊಂಡಿತು. 2024ರ ನವೆಂಬರಿನಲ್ಲಿ ಕೇಂದ್ರ ಸರಕಾರವು ಅನುಮೋದಿಸಿದ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಉತ್ತಮ ಸಂಸ್ಥೆಗಳನ್ನು ಸೇರುವವರಿಗೆ ಒತ್ತೆ, ಜಾಮೀನುಗಳಿಲ್ಲದೆ ಸಾಲಕ್ಕೆ ಅವಕಾಶವಿದೆ. ವಾರ್ಷಿಕ ಆದಾಯ 8 ಲಕ್ಷ ರೂ. ಮೀರದ ಅರ್ಹ ಕುಟುಂಬಗಳಿಗೆ 10 ಲಕ್ಷ ರೂ.ವರೆಗಿನ ಸಾಲದ ಬಡ್ಡಿಯಲ್ಲಿ ಶೇ. 3ರ ಸಹಾಯಧನವೂ ಉಂಟು.

ನೆರವು ಇಲ್ಲವೆಂದಲ್ಲ, ಅದನ್ನು ಪಡೆಯುವ ದಾರಿ ಜಟಿಲವಾಗಿದೆ. ಅಂದು ಮಠದ ಬಾಗಿಲಿಗೆ ಬಂದ ಬಾಲಕನನ್ನು ಯಾರೂ ಅರ್ಜಿ ಕೇಳುತ್ತಿರಲಿಲ್ಲ. ಇಂದು ಜಾತಿ-ಆದಾಯ ಪ್ರಮಾಣಪತ್ರ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ, ಗಡುವಿನೊಳಗೆ ಸಲ್ಲಿಸಿದ ಅರ್ಜಿ, ಇವುಗಳಲ್ಲಿ ಒಂದು ತಪ್ಪಿದರೂ ಅರ್ಹ ವಿದ್ಯಾರ್ಥಿ ವಂಚಿತನಾಗುತ್ತಾನೆ. ಸಾಲದ ವಿಷಯದಲ್ಲಿಯೂ ಅಷ್ಟೇ. ಓದುವಾಗ ಸಾಮಾನ್ಯವಾಗಿ ಕಂತು ಕಟ್ಟಬೇಕಾಗಿಲ್ಲವಾದರೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ ಎಂಬುದನ್ನು ಎಷ್ಟೋ ತಂದೆ-ತಾಯಿಗಳು ಅರಿತಿರುವುದಿಲ್ಲ.

ಆದಕಾರಣ ಪ್ರಸಾದ ನಿಲಯಗಳಲ್ಲಿ ಬೆಳೆದು ಇಂದು ಅಧ್ಯಾಪಕರು, ಬ್ಯಾಂಕ್ ನೌಕರರು, ಅಧಿಕಾರಿಗಳು ಆಗಿರುವವರ ಮೇಲೆ ಒಂದು ಋಣವಿದೆ. ಪಿ.ಯು. ಫಲಿತಾಂಶಕ್ಕೆ ಮುನ್ನವೇ ತಮ್ಮ ಊರಿನ ಕುಟುಂಬಗಳೊಡನೆ ಕುಳಿತು ಮೊದಲ ವರ್ಷದ್ದಷ್ಟೇ ಅಲ್ಲ, ಇಡೀ ವ್ಯಾಸಂಗದ ವೆಚ್ಚವನ್ನು ಲೆಕ್ಕ ಹಾಕಿ ತೋರಿಸಲಿ. ಮೊದಲು ವಿದ್ಯಾರ್ಥಿವೇತನ, ಅನಂತರ ಉಚಿತ ವಸತಿ, ಕಟ್ಟಕಡೆಗೆ ಸಾಲ ಎಂಬ ಕ್ರಮವನ್ನು ತಿಳಿಸಲಿ. ಕಾಸು ನೀಡಲಾರದವರೂ ತಿಳಿವಳಿಕೆಯನ್ನು ನೀಡಬಲ್ಲರು. ಹಿರಿಯರು ಜೋಳಿಗೆ ಹಿಡಿದು ನಡೆಸಿದ ವಿದ್ಯಾದಾಸೋಹವು ಈ ಕಾಲದಲ್ಲಿ ಹೀಗೆಯೇ ಮುಂದುವರಿಯಬೇಕಾಗಿದೆ.