ಶನಿವಾರದ ಸುದ್ದಿ, ಬೊಮ್ಮಾಯಿ ಕೇಸು

ಇಂಜಿನಿಯರಿಂಗಿನಲ್ಲಿ ನಮಗೂ ಸಂವಿಧಾನದ ಒಂದು ಪೇಪರ್ ಇತ್ತು. 356ನೇ ವಿಧಿ ಅಂದ್ರೆ ರಾಷ್ಟ್ರಪತಿ ಆಳ್ವಿಕೆ ಅಂತ ಬಾಯಿಪಾಠ ಮಾಡಿದರೆ ಮುಗೀತು. ನನ್ನ ಕೇಳಿದರೆ ಆ ಪಾಠ 2018ರ ಮೇ 19ರ ಶನಿವಾರದ ಸುದ್ದಿಯಿಂದ ಶುರುವಾಗಬೇಕು.

104 ಸ್ಥಾನದ ಬಿಜೆಪಿಯ ಯಡಿಯೂರಪ್ಪನವರಿಗೆ ಬಹುಮತ ಸಾಬೀತು ಮಾಡೋಕೆ ರಾಜ್ಯಪಾಲ ವಜುಭಾಯಿ ವಾಲಾ 15 ದಿನ ಕೊಟ್ಟಿದ್ದರು. ಸುಪ್ರೀಂ ಕೋರ್ಟು ಮೇ 18ಕ್ಕೆ, ನಾಳೆ ಸಂಜೆ 4ಕ್ಕೇ ಸದನದಲ್ಲಿ ತೋರಿಸಿ ಅಂದಿತು. ಮತಕ್ಕೆ ಮೊದಲೇ ರಾಜೀನಾಮೆ!

ಸದನದಲ್ಲೇ ಯಾಕೆ ಅಂತೀರಾ? ಅದೂ ನಮ್ಮ ವಿಧಾನಸೌಧದ್ದೇ ಕಥೆ. 1989ರ ಏಪ್ರಿಲ್‌ನಲ್ಲಿ ಬೆಂಬಲ ವಾಪಸ್ ಪಡೆದ 19 ಶಾಸಕರ ಪತ್ರಗಳು ರಾಜ್ಯಪಾಲ ವೆಂಕಟಸುಬ್ಬಯ್ಯನವರ ಕೈ ಸೇರಿದವು. ಅವರಲ್ಲೇ 7 ಮಂದಿ ಆಮೇಲೆ ಉಲ್ಟಾ ಹೊಡೆದು ಸರ್ಕಾರದ ಜೊತೆಗೇ ಇದ್ದೇವೆ ಅಂದರು. ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಸದನ ಕರೀರಿ, ಬಹುಮತ ತೋರಿಸ್ತೀನಿ ಅಂದರು. ಒಪ್ಪಲಿಲ್ಲ. ಏಪ್ರಿಲ್ 21ಕ್ಕೆ ಸರ್ಕಾರ ವಜಾ. (ತಲೆ ಎಣಿಸೋಕೆ ಎಷ್ಟು ಹೊತ್ತು ಬೇಕಿತ್ತು ಸ್ವಾಮಿ?)

ಹೈಕೋರ್ಟಿನಲ್ಲಿ ಬೊಮ್ಮಾಯಿ ಸೋತರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ, ಬಹುಮತ ಅಳೆಯೋ ಜಾಗ ರಾಜಭವನವಲ್ಲ, ಸದನ ಅಂತ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಚುನಾವಣೆ ಮುಗಿದು ನಾಲ್ಕು ವರ್ಷ ದಾಟಿತ್ತು, ಕುರ್ಚಿಯಲ್ಲಿ ವೀರಪ್ಪ ಮೊಯಿಲಿ ಇದ್ದರು.