ಅಡ್ಡಗೋಡೆಯ ಆಚೆ ಈಚೆ

ಅಡುಗೆ, ಊಟ, ಕೂತು ಮಾತಾಡುವುದು ಎಲ್ಲಕ್ಕೂ ಒಂದೇ ಜಾಗವಿರುವ ಸಣ್ಣ ಮನೆಯನ್ನು ಕಂಡರೆ ‘ಓಪನ್ ಕಿಚನ್’ ಎನ್ನುತ್ತೇವೆ. ಅದು ಅಪಾರ್ಟ್‌ಮೆಂಟುಗಳ ಜೊತೆ ಹೊರದೇಶದಿಂದ ಬಂದ ಶೋಕಿ ಎಂದೂ ಒಪ್ಪಿಕೊಂಡುಬಿಟ್ಟಿದ್ದೇವೆ. ಹಾಗೆ ಒಪ್ಪಿಕೊಳ್ಳಬೇಕಾಗಿಲ್ಲ. ಕನ್ನಡನಾಡಿನ ಬಡ ರೈತನ, ಕೂಲಿಯವನ ಮನೆ ಹಿಂದಿನಿಂದಲೂ ತೆರೆದ ಮನೆಯೇ. ಮನೆಯ ಲೆಕ್ಕ ಕೋಣೆಯಲ್ಲಿರಲಿಲ್ಲ, ಅಂಕಣದಲ್ಲಿತ್ತು. ಕಂಬದಿಂದ ಕಂಬಕ್ಕೆ ಒಂದಂಕಣ. ಸಿಕ್ಕ ತೊಲೆ ಎಷ್ಟುದ್ದವೋ ಅಂಕಣ ಅಷ್ಟಗಲ. ಎರಡು ಅಂಕಣದ ಮನೆಯಲ್ಲಿ ಬೇರೆ ಅಡುಗೆಕೋಣೆ, ಬೇರೆ ಊಟದ ಕೋಣೆ ಎಂದು ಗೋಡೆ ಎಬ್ಬಿಸಿದರೆ ಮನುಷ್ಯರಿಗೆ ಉಳಿಯುವ ಜಾಗವಾದರೂ ಎಷ್ಟು? ಹೊರಗಿನಿಂದ ಬಂದದ್ದು ಆ ಜಾಗದೊಳಗೆ ನಾವು ತುಂಬಿದ ಸಾಮಾನು. ಸಣ್ಣ ಮನೆ ಇಂದು ಉಸಿರುಗಟ್ಟುತ್ತಿರುವುದು ಅದರಿಂದಲೇ ಎಂಬುದು ನನ್ನ ವಾದ.

ಬಯಲುಸೀಮೆಯ ಮಣ್ಣಿನ ಮನೆಯನ್ನೇ ತೆಗೆದುಕೊಳ್ಳಿ. ತಲೆಬಾಗಿಲು ದಾಟಿದೊಡನೆ ತಗ್ಗಿನಲ್ಲಿ ದನಕರು, ಅಲ್ಲಿಂದ ಒಂದು ಕಟ್ಟೆಯಷ್ಟು ಮೇಲೇರಿದರೆ ಪಡಸಾಲೆ, ಅದರ ಹಿಂದೆ ಒಲೆ. ಕೊಟ್ಟಿಗೆ ಮುಗಿದು ಮನೆ ಶುರುವಾಗುವುದನ್ನು ನೆಲದ ಎತ್ತರವೇ ಹೇಳುತ್ತಿತ್ತು. ರಾಗಿ ಬೆಳೆಯುವ ಕಡೆ ದವಸ ತುಂಬಿದ ಮಣ್ಣಿನ ವಾಡೆಗಳನ್ನು ಸಾಲಾಗಿ ನಿಲ್ಲಿಸಿದರೆ ಒಲೆಯ ಮೂಲೆಗೆ ಮರೆಯೂ ಆಯಿತು, ಉಗ್ರಾಣವೂ ಆಯಿತು. ಕೆಲವು ಮನೆಗಳಲ್ಲಿ ಎದೆಮಟ್ಟದ ಅಡ್ಡಗೋಡೆ. ಅದರ ಮೇಲಿಟ್ಟ ಒಂದೇ ದೀಪ ಅಡುಗೆ ಮಾಡುವವಳಿಗೂ ಉಣ್ಣುವವರಿಗೂ ಬೆಳಕು ಕೊಡುತ್ತಿತ್ತು. ಎಣ್ಣೆಯನ್ನು ಅಳೆದು ಸುರಿಯುತ್ತಿದ್ದ ಸಂಸಾರಕ್ಕೆ ಗೋಡೆಯನ್ನು ಸೂರಿನವರೆಗೆ ಏರಿಸದಿರಲು ಇದೊಂದೇ ಕಾರಣ ಸಾಕಿತ್ತು. ಉಳಿದ ಸಾಮಾನೆಲ್ಲ ನೆಲ ಬಿಟ್ಟು ಮೇಲೆ: ಗೋಡೆಯಲ್ಲಿ ಗೂಡು, ಜಂತಿಗೆ ನೆಲುವು, ತಲೆಯ ಮೇಲೆ ಅಟ್ಟ.

ನೆಲ ಖಾಲಿಯಿದ್ದುದರಿಂದಲೇ ಒಂದೇ ಜಾಗ ದಿನಕ್ಕೆ ಮೂರು ಕೆಲಸಕ್ಕೆ ಒದಗುತ್ತಿತ್ತು. ಹೊತ್ತಿಗೆ ಸರಿಯಾಗಿ ಮಣೆ ಹಾಕುವುದು, ಉಂಡ ಮೇಲೆ ನೆಲ ಸಾರಿಸಿ ಮಣೆಗಳನ್ನು ಗೋಡೆಗೆ ಒರಗಿಸುವುದು, ರಾತ್ರಿ ಅಲ್ಲೇ ಚಾಪೆ, ಕೌದಿ ಹಾಸುವುದು, ಬೆಳಗಾದರೆ ಸುತ್ತಿ ಮೂಲೆಗಿಡುವುದು. ಜೋಳದ ರೊಟ್ಟಿಯ ಊಟವಂತೂ ನಡುವೆ ಗೋಡೆಯಿದ್ದರೆ ಅರ್ಧ ಕೆಟ್ಟಂತೆಯೇ. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆ ಆಡಿಸಿ, ಮಗುಚಿ, ಕೊನೆಗೆ ಕೆಂಡಕ್ಕೆ ಒಡ್ಡಿದಾಗ ಅದು ಉಬ್ಬುತ್ತದೆ. ಉಬ್ಬು ಇಳಿಯುವ ಮೊದಲೇ ತಟ್ಟೆಗೆ ಬೀಳಬೇಕಾದರೆ ಉಣ್ಣುವವನು ಒಲೆಯಿಂದ ಕೈಯಳತೆಯಲ್ಲಿ ಕೂತಿರಬೇಕು. ಈ ಮನೆಗಳು ತೆರೆದಿದ್ದುದು ಬರಿಯ ಬಡತನದಿಂದಲ್ಲ, ಊಟದ ರೀತಿಯೂ ಅದನ್ನೇ ಬೇಡುತ್ತಿತ್ತು ಎಂದು ನಾನು ಹೇಳುವುದು ಇದನ್ನು ಕಂಡೇ.

ಇದಕ್ಕೆ ಮೊದಲ ಆಕ್ಷೇಪ ತೊಟ್ಟಿಮನೆಯ ಕಡೆಯಿಂದ ಬರುತ್ತದೆ. ನಮ್ಮ ನಿಜವಾದ ಪದ್ಧತಿ ಒಳಗೆ ಅಡಗಿದ, ಹೊರಗಿನವರ ಕಣ್ಣಿಗೆ ಬೀಳದ ಅಡುಗೆಮನೆಯದಲ್ಲವೇ ಎಂದು. ಅದೂ ಇತ್ತು, ಆದರೆ ಆ ಗೋಡೆಯನ್ನು ಎತ್ತಿದ್ದು ಮಡಿ. ಯಾರು ಒಳಗೆ ಬರಬಹುದು, ಯಾರ ದೃಷ್ಟಿ ಅನ್ನದ ಮೇಲೆ ಬೀಳಬಾರದು ಎಂಬ ಜಾತಿಯ ಲೆಕ್ಕ ಅದರಲ್ಲಿತ್ತು. ಹೆಂಗಸರು ಬದುಕಿನ ಬಹುಪಾಲನ್ನು ಆ ಕತ್ತಲಲ್ಲೇ ಕಳೆದರು. ಅಂಥ ಗೋಡೆಯನ್ನು ಪರಂಪರೆಯ ಹೆಸರಿನಲ್ಲಿ ಮರಳಿ ಕಟ್ಟಬೇಕೆಂದು ನನಗನ್ನಿಸುವುದಿಲ್ಲ. ಎರಡನೆಯ ಆಕ್ಷೇಪ ಹೊಗೆಯದು, ಅದು ಇನ್ನೂ ಗಟ್ಟಿ. ಸೌದೆ, ಬೆರಣಿ ಉರಿಯುವ ತೆರೆದ ಮನೆಯಲ್ಲಿ ಮಲಗಿದ ಮಗುವಿನಿಂದ ಹಿಡಿದು ಎಲ್ಲರೂ ಹೊಗೆ ಕುಡಿಯಬೇಕಿತ್ತು. ಮಾಡಿನ ಗವಾಕ್ಷಿಯಾಗಲಿ, 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹಬ್ಬಿದ ಹೆಂಚಿನ ಸಂದುಗಳಾಗಲಿ ಅದನ್ನು ಪೂರ್ತಿ ಹೊರದಬ್ಬಲಿಲ್ಲ. ಹಳೆಯ ಮನೆಯನ್ನು ಹೊಗಳುವವರು ಈ ಮಾತನ್ನು ನುಂಗಿಕೊಳ್ಳಬಾರದು.

ಆದರೆ ಹೊಗೆ ಒಲೆಯ ದೋಷ, ಜಾಗದ ದೋಷವಲ್ಲ. ಇದನ್ನು ಅರಿತು ಕೆಲಸ ಮಾಡಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. ಅಮೂಲ್ಯ ರೆಡ್ಡಿಯವರು 1974ರಲ್ಲಿ ಅಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರದಿಂದ ಮುಂದೆ ಬಂದ ಅಸ್ತ್ರ ಒಲೆಯಲ್ಲಿ ಮೂರು ಪಾತ್ರೆಗಳು ಬಾಯಿಗೆ ಸರಿಯಾಗಿ ಕೂರುತ್ತವೆ, ಹೊಗೆ ಕೊಳವೆಯಲ್ಲಿ ಮೇಲೇರಿ ಹೊರಬೀಳುತ್ತದೆ. ಪಟ್ಟಣಗಳಲ್ಲಿ ಆ ಹೊತ್ತಿಗಾಗಲೇ ಸೀಮೆಎಣ್ಣೆ ಸ್ಟೌ, ಕುಕ್ಕರ್, ಗ್ಯಾಸ್ ಸಿಲಿಂಡರ್ ಕಾಲಿಟ್ಟಿದ್ದವು. ಒಲೆ ನೆಲ ಬಿಟ್ಟು ಕಟ್ಟೆಯೇರಿತು, ಅಡುಗೆ ಮಾಡುವವರು ಎದ್ದು ನಿಂತರು. ತೆರೆದ ಮನೆಗೆ ಇದಕ್ಕಿಂತ ಒಳ್ಳೆಯ ಕಾಲ ಹಿಂದೆ ಬಂದಿರಲಿಲ್ಲ.

ವಿಚಿತ್ರವೆಂದರೆ ನಾವು ಗೋಡೆ ಕಟ್ಟಲು ಹೊರಟದ್ದು ಆಗಲೇ. 1898ರ ಪ್ಲೇಗಿನ ಕಾಲದಲ್ಲಿ ಗಾಳಿ ಬೆಳಕಿನ ಕಾಳಜಿಯಿಂದ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರಗಳ ದೊಡ್ಡ ನಿವೇಶನದ ಮನೆ ಎಲ್ಲರಿಗೂ ಮಾದರಿಯಾಯಿತು. ವರಾಂಡ, ಹಾಲು, ಹಿಂದೆ ಅಡುಗೆಮನೆ: ಆ ನಕ್ಷೆಯನ್ನೇ ಇಪ್ಪತ್ತು-ಮೂವತ್ತರ ಸೈಟಿಗೆ ಕುಗ್ಗಿಸಿದೆವು. ಬರೀ 600 ಚದರಡಿ; ಅದರಲ್ಲೂ ಸುತ್ತ ಬಿಡುವ ಜಾಗ, ಮೆಟ್ಟಿಲು ಕಳೆಯಬೇಕು. ಉಳಿದುದಕ್ಕೆ ಸೋಫಾ ಸೆಟ್ಟು, ಆರು ಕುರ್ಚಿಯ ಮೇಜು, ಗಾಜಿನ ಶೋಕೇಸು. ಮೇಜು ದಿನಕ್ಕೆ ಹೆಚ್ಚೆಂದರೆ ಎರಡು ಗಂಟೆ ಕೆಲಸ ಮಾಡಿ ಇಪ್ಪತ್ತೆರಡು ಗಂಟೆ ದಾರಿಗಡ್ಡ ನಿಂತಿರುತ್ತದೆ. ಈಗ ಕೆಲವರು ನಡುಗೋಡೆಯನ್ನೇನೋ ಒಡೆಸುತ್ತಾರೆ, ಸಾಮಾನನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳುತ್ತಾರೆ. ಇಕ್ಕಟ್ಟು ಕಡಿಮೆಯಾಗುವುದಾದರೂ ಹೇಗೆ?

ಮಂಡಿ ನೋವಿನವರು, ವಯಸ್ಸಾದವರು ನೆಲಕ್ಕೆ ಕೂರುವುದೆಂತು ಎಂದು ಕೇಳುವುದು ಸಹಜ, ಅವರನ್ನು ಮಣೆಯ ಮೇಲೆ ಕೂರಿಸಬೇಕಿಲ್ಲ. ಹಳೆಯ ಮನೆಯಲ್ಲೇ ಅವರಿಗೆ ಜಗಲಿ ಇತ್ತು: ಕಾಲು ಇಳಿಬಿಟ್ಟು ಕೂರುವ, ಬೇಕೆಂದರೆ ಮೈ ಚಾಚುವ ಎತ್ತರದ್ದು. ಅದನ್ನೇ ಹಾಲಿನ ಒಂದು ಗೋಡೆಯುದ್ದಕ್ಕೂ ಕಟ್ಟಿ ಒಳಗೆ ಹಾಸಿಗೆ, ದಿನಸಿ ಇಡಲು ಪೆಟ್ಟಿಗೆ ಮಾಡಿಸಿದರೆ ಸೋಫಾ ಬೇಕಾಗುವುದಿಲ್ಲ. ಗೋಡೆಗೆ ಮಡಚಿಕೊಳ್ಳುವ ಹಲಗೆ ಆ ಜಗಲಿಯ ಮುಂದೆಯೇ ಊಟದ ಮೇಜಾಗುತ್ತದೆ. ಒಲೆಗೂ ಹಾಲಿಗೂ ನಡುವೆ ಎದೆಮಟ್ಟದ ಅಡ್ಡಗೋಡೆ ನಿಂತರೆ ತೊಳೆಯದ ಪಾತ್ರೆ ಬಂದವರ ಕಣ್ಣಿಗೆ ಬೀಳದು, ಅಡುಗೆಯವರ ಮುಖ ಕಾಣುತ್ತದೆ. ಒಗ್ಗರಣೆಯ ಘಾಟಿಗೆ ಒಲೆಯ ನೇರಕ್ಕೆ ಒಂದು ಕಿಟಕಿ, ಅದರ ಮೇಲೊಂದು ಎಕ್ಸಾಸ್ಟ್ ಫ್ಯಾನು ಇದ್ದರಾಯಿತು.