ಮುಷ್ಕರದಿಂದ ಮತಗಟ್ಟೆಗೆ: ಆಸ್ಟ್ರೇಲಿಯಾದ ಪಾಠ

ಕಾರ್ಮಿಕ ಸಂಘಗಳು ಒಂದು ಸರ್ಕಾರವನ್ನು ಸೋಲಿಸಬಲ್ಲವಾ? ಯಾರಾದರೂ ಹೀಗೆ ಕೇಳಿದರೆ ನಾನು ಕೊಡೋ ಉದಾಹರಣೆ 2007ರ ಆಸ್ಟ್ರೇಲಿಯಾ.

ಏನಿದು ವರ್ಕ್‌ಚಾಯ್ಸಸ್?
2004ರಲ್ಲಿ ಮತ್ತೆ ಗೆದ್ದ ಪ್ರಧಾನಿ ಜಾನ್ ಹೊವಾರ್ಡ್‌ಗೆ ಸೆನೆಟ್‌ನಲ್ಲೂ ಬಹುಮತ ಸಿಕ್ಕಿತು. ಆ ಬಲದಲ್ಲಿ ತಂದ ಈ ಕಾನೂನು 2006ರ ಮಾರ್ಚ್‌ನಲ್ಲಿ ಜಾರಿಯಾಯಿತು. 100 ಅಥವಾ ಅದಕ್ಕಿಂತ ಕಡಿಮೆ ನೌಕರರಿರುವ ಕಂಪನಿಗಳಲ್ಲಿ, ಅನ್ಯಾಯವಾಗಿ ಕೆಲಸದಿಂದ ತೆಗೆದರೂ ಪ್ರಶ್ನಿಸುವ ಹಕ್ಕು ಹೋಯಿತು. ಒಬ್ಬೊಬ್ಬರ ಜೊತೆ ಪ್ರತ್ಯೇಕ ಒಪ್ಪಂದ ಮಾಡಿಕೊಂಡು ಓವರ್‌ಟೈಮ್ ದುಡ್ಡಿಗೂ ಕತ್ತರಿ ಹಾಕಬಹುದಿತ್ತು.

ಸಂಘಗಳು ಮಾಡಿದ್ದೇನು?
ಸರ್ಕಾರದ ನೀತಿ ವಿರುದ್ಧ ಮುಷ್ಕರ ಹೂಡೋದಕ್ಕೆ ಅಲ್ಲಿ ಕಾನೂನಿನ ರಕ್ಷಣೆ ಇಲ್ಲ. ಹಾಗಾಗಿ ಸಂಘಗಳ ಒಕ್ಕೂಟ ಎಸಿಟಿಯು ರ್‍ಯಾಲಿ, ಟಿವಿ ಜಾಹೀರಾತುಗಳ ಜೊತೆಗೆ ಮತದಾರರ ಬಳಿಗೇ ಹೋಯಿತು. ಅಲ್ಪ ಅಂತರದಲ್ಲಿ ಫಲಿತಾಂಶ ತಿರುಗುವ ಕ್ಷೇತ್ರಗಳನ್ನು ಆರಿಸಿಕೊಂಡು ಸದಸ್ಯರಿಗೆ ಫೋನ್ ಮಾಡಿತು, ಮನೆ ಬಾಗಿಲು ತಟ್ಟಿತು.

ಫಲ?
2007ರ ನವೆಂಬರ್ 24ರಂದು ಲೇಬರ್ ಪಕ್ಷ ಗೆದ್ದಿತು. 33 ವರ್ಷದಿಂದ ಪ್ರತಿನಿಧಿಸುತ್ತಿದ್ದ ಬೆನೆಲಾಂಗ್‌ನಲ್ಲಿ ಹೊವಾರ್ಡ್ ತಾವೇ ಸೋತರು. ಅವರಿಗೂ ಮುಂಚೆ ಹೀಗೆ ಸ್ವಂತ ಕ್ಷೇತ್ರ ಕಳೆದುಕೊಂಡ ಪ್ರಧಾನಿ ಸ್ಟಾನ್ಲಿ ಬ್ರೂಸ್. 1929ರ ಆ ಚುನಾವಣೆ ನಡೆದದ್ದೂ ಕಾರ್ಮಿಕ ವ್ಯಾಜ್ಯಗಳ ಇತ್ಯರ್ಥ ವ್ಯವಸ್ಥೆಗೆ ಅವರು ಕೈ ಹಾಕಿದ್ದರಿಂದಲೇ.

ಆದರೆ...
ಲೇಬರ್ ಸರ್ಕಾರದ 2009ರ ಫೇರ್ ವರ್ಕ್ ಕಾಯ್ದೆ ಕಳೆದುಹೋದ ಎಷ್ಟೋ ರಕ್ಷಣೆಗಳನ್ನು ಮರಳಿ ಕೊಟ್ಟಿತು, ಮುಷ್ಕರದ ಮೇಲಿನ ಬಿಗಿಯನ್ನು ಮಾತ್ರ ಬಹುಪಾಲು ಉಳಿಸಿಕೊಂಡಿತು. ಸರ್ಕಾರ ಬದಲಾದರೆ ಅರ್ಧ ಕೆಲಸ ಮುಗಿದಂತೆ, ಅಷ್ಟೇ.

ನಮ್ಮಲ್ಲೂ 29 ಕಾರ್ಮಿಕ ಕಾಯ್ದೆಗಳ ಜಾಗಕ್ಕೆ ಬಂದ 4 ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಯಾಗಿವೆ. ಸರ್ಕಾರದ ಅನುಮತಿ ಇಲ್ಲದೆ ಕಾರ್ಖಾನೆ ಮುಚ್ಚುವ ಮಿತಿ 100ರಿಂದ 300 ಕಾರ್ಮಿಕರಿಗೆ ಏರಿದೆ. ಒಂದು ದಿನದ ಮುಷ್ಕರ ನಮಗೆ ಗೊತ್ತು. ಮತ ಹಾಕುವ ದಿನ ಕಾರ್ಮಿಕರು ಕಾರ್ಮಿಕರಾಗಿಯೇ ಯೋಚಿಸುವಂತೆ ಮಾಡೋದನ್ನು ನಾವಿನ್ನೂ ಕಲಿಯಬೇಕಿದೆ.